ಸೀತಾಳೆ ದಂಡೆ ಮತ್ತು ರಾಟವಾಳ

"ಗುರುಗಳೇ, ಒಬ್ಬ ಮಠದಲ್ಲೇ ಇದ್ದು ರೋಗಿಗಳನ್ನು ನೋಡಿಕೊಳ್ಳುತ್ತಾನೆ. ಇನ್ನೊಬ್ಬ ಊರೂರು ಅಲೆದು ಭಿಕ್ಷೆ ತರುತ್ತಾನೆ. ಇಬ್ಬರಲ್ಲಿ ಯಾರ ಸೇವೆ ದೊಡ್ಡದು?" ಎಂದು ಶಂಭುಲಿಂಗ ಕೇಳಿದ. ಅವನು ಆಗತಾನೇ ಜೋಳಿಗೆ ಇಳಿಸಿದ್ದ. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು.

ಗುರುಗಳು ಹೇಳಿದರು:

ಕಾಡಿನಂಚಿನ ಗುಡಿಸಲಿನಲ್ಲಿ ಒಬ್ಬ ಮುದಿ ಸನ್ಯಾಸಿ ಜ್ವರ ಹಿಡಿದು ಮಲಗಿದ್ದ. ಅವನಿಗೆ ಇಬ್ಬರು ಶಿಷ್ಯರು. ಹಿರಿಯವನು ಹಾಸಿಗೆಯ ಪಕ್ಕದಿಂದ ಕದಲುತ್ತಿರಲಿಲ್ಲ. ಕಿರಿಯವನು ದಿನವೂ ಮೂರು ಊರು ಸುತ್ತಿ ಅಕ್ಕಿ ತರುತ್ತಿದ್ದ. ಎರಡು ತಿಂಗಳು ಹೀಗೇ ಕಳೆಯಿತು. ಇಬ್ಬರೂ ಸೋತುಹೋಗಿದ್ದರು.

ಒಂದು ಬೆಳಿಗ್ಗೆ ಇಬ್ಬರೂ ಅಂಗಳದ ಮತ್ತಿಮರದ ಕೆಳಗೆ ನಿಂತಿದ್ದರು. ಕೊಂಬೆಗೆ ಅಂಟಿ ಬೆಳೆದ ಸೀತಾಳೆ ದಂಡೆ ಗಿಡ ಹೂಬಿಟ್ಟು ಜೋತುಬಿದ್ದಿತ್ತು. ಪಕ್ಕದ ಮುಳ್ಳುಪೊದೆಯಲ್ಲಿ ರಾಟವಾಳ ಹಕ್ಕಿಯೊಂದು ಗೂಡು ಕಟ್ಟುತ್ತಿತ್ತು.

ಹಿರಿಯವನು, "ಆ ಗಿಡ ನೋಡು. ಬೇಸಿಗೆಯೆಲ್ಲ ಒಣ ತೊಗಟೆಯನ್ನು ತಬ್ಬಿಕೊಂಡೇ ಇತ್ತು. ಎಲೆ ಸುಕ್ಕಾದರೂ ಹಿಡಿತ ಬಿಡಲಿಲ್ಲ. ನನ್ನ ಬಾಳೂ ಹಾಗೆಯೇ. ಅಲೆಯುವವನಿಗೆ ಹೊರಗಿನ ಗಾಳಿಯಾದರೂ ಸಿಗುತ್ತದೆ" ಎಂದ.

ಕಿರಿಯವನಿಗೆ ಸಿಟ್ಟು ಬಂತು. "ಕೂತಲ್ಲೇ ಹೂಬಿಡುವುದು ಏನು ಮಹಾ? ಹೆಬ್ಬೆರಳಿನಷ್ಟಿರುವ ಆ ಹಕ್ಕಿಯನ್ನು ನೋಡು. ತನ್ನ ಮೈಗಿಂತ ಉದ್ದದ ಹುಲ್ಲನ್ನು ಎಳೆದು ತರುತ್ತದೆ. ಹುಲ್ಲು ಗಾಳಿಗೆ ಹಾರಿಹೋದರೆ ಮತ್ತೆ ತರಲು ಹೋಗುತ್ತದೆ. ಹೂವನ್ನು ಎಲ್ಲರೂ ಹೊಗಳುತ್ತಾರೆ, ಹಕ್ಕಿಯ ದಣಿದ ರೆಕ್ಕೆ ಒತ್ತುವವರು ಯಾರು?" ಎಂದ.

ಮಾತಿಗೆ ಮಾತು ಬೆಳೆಯಿತು. ಬಿಸಿಲು ನೆತ್ತಿಗೆ ಬಂತು. ಒಳಗೆ ಸನ್ಯಾಸಿ ನೀರು ಕೇಳಿದ. ಇಬ್ಬರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದ. ಆಗಲೂ ಕೇಳಿಸಲಿಲ್ಲ.

ಅವರು ಒಳಗೆ ಬಂದಾಗ ಸನ್ಯಾಸಿಯ ಹಣೆಯ ಮೇಲೆ ಒದ್ದೆ ಬಟ್ಟೆಯಿತ್ತು. ತಲೆದಿಂಬಿನ ಬಳಿ ಅರ್ಧ ಖಾಲಿಯಾದ ತಂಬಿಗೆಯಿತ್ತು.

"ನೀರು ಕೊಟ್ಟವರು ಯಾರು, ಸ್ವಾಮಿ?" ಎಂದು ಹಿರಿಯವನು ಗಾಬರಿಯಿಂದ ಕೇಳಿದ.

"ಸೌದೆ ಮಾರುವ ಹೆಂಗಸು. ಹಿಂದಿನ ದಾರಿಯಲ್ಲಿ ಹೋಗುತ್ತಿದ್ದಳು. ನನ್ನ ದನಿ ಕೇಳಿ ಹೊರೆ ಇಳಿಸಿ ಬಂದಳು" ಎಂದು ಸನ್ಯಾಸಿ ಆಯಾಸದಿಂದ ಕಣ್ಣು ಮುಚ್ಚಿದ. "ನೀವೂ ಸ್ವಲ್ಪ ಮಲಗಿ, ಮಕ್ಕಳೇ."

ಇಬ್ಬರೂ ಅವನ ಕಾಲ ಬಳಿ ಕುಸಿದು ಕೂತರು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ, "ಹಾಗಾದರೆ ಆ ಹೆಂಗಸಿನ ಸೇವೆಯೇ ದೊಡ್ಡದೇ?" ಎಂದ.

"ಆಕೆಗೂ ದಣಿವಾಗಿತ್ತು, ಆದರೆ ಅದನ್ನು ಹೇಳಿಕೊಳ್ಳಲು ನಿಲ್ಲಲಿಲ್ಲ" ಎಂದರು ಗುರುಗಳು.