ಟೈರಿಗೆ ಹೊಳಪು ಹಚ್ಚಿದ ವರ್ತಕ

"ಮನಸ್ಸು ಪೂರ್ತಿ ತಿಳಿಯಾಗುವ ಮೊದಲೇ ಒಬ್ಬರ ಬಾಗಿಲಿಗೆ ಹೋಗುವುದು ಸರಿಯೇ, ಗುರುಗಳೇ?" ಎಂದು ಮಂದಾಕಿನಿ ಕೇಳಿದಳು.

ಆಕೆ ಮಠದ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಶಿಷ್ಯೆ. ತಾಯಿಯ ತಿಥಿಯ ದಿನ ಅವಳಿಗೂ ಅವಳ ಅಕ್ಕನಿಗೂ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ಅವಳು ಅಕ್ಕನ ಊರಿನ ಕಡೆ ತಲೆ ಹಾಕಿರಲಿಲ್ಲ. ಈಗ ಕೋಪವಿಲ್ಲ ಎಂದಳು. ಆದರೆ ಹೋದರೆ ಅಕ್ಕ ಏನಾದರೊಂದು ಅಂದೇ ಅನ್ನುತ್ತಾಳೆ, ಅಂದದ್ದು ತನ್ನನ್ನು ತಾಗಬಾರದು, ಅಷ್ಟು ಗಟ್ಟಿಯಾದ ಮೇಲೆ ಹೋಗುತ್ತೇನೆ ಎಂದಳು. ದಿನವೂ ಧ್ಯಾನಕ್ಕೆ ಕೂರುವುದು ಅದಕ್ಕಾಗಿಯೇ ಎಂದಳು.

ಹೊರಗೆ ಅಂಗಳದಲ್ಲಿ ಭಕ್ತರೊಬ್ಬರು ಮಠದ ಕಾರನ್ನು ತೊಳೆಯುತ್ತಿದ್ದರು. ಗುರುಗಳು ಸ್ವಲ್ಪ ಹೊತ್ತು ಅತ್ತಲೇ ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅವನಿಗೆ ಒಬ್ಬನೇ ಗೆಳೆಯ, ಬೇರೆ ಊರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಭಾನುವಾರ ಅಂಗಡಿಗೆ ರಜೆ. ವರ್ತಕ ಕಾರು ಹತ್ತಿ ಗೆಳೆಯನ ಊರಿಗೆ ಹೋಗುತ್ತಿದ್ದ. ಇಬ್ಬರೂ ಜಗಲಿಯ ಮೇಲೆ ಊಟ ಮಾಡಿ, ಹೊತ್ತು ಇಳಿಯುವವರೆಗೆ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಕೂರುತ್ತಿದ್ದರು. ವಾರವೆಲ್ಲ ಅಂಗಡಿಯಲ್ಲಿ ಬನ್ನಿ, ಕೂತುಕೊಳ್ಳಿ, ಯಾವ ಬಣ್ಣ ತೋರಿಸಲಿ ಎನ್ನುವುದನ್ನು ಬಿಟ್ಟರೆ ವರ್ತಕನಿಗೆ ಮನಸ್ಸು ಬಿಚ್ಚಿ ಮಾತಾಡುವ ಜಾಗ ಅದೊಂದೇ ಆಗಿತ್ತು.

ಗಿರಣಿಯವನ ಮಗಳ ಮದುವೆಯಾಯಿತು. ಬೀಗರ ಊಟದ ದಿನ ವರ್ತಕ ಜರಿಯಂಚಿನ ಹೊಸ ಶಲ್ಯ ಹೊದ್ದು ಹೋದ. ಹಿಂದಿನ ದಿನ ಮಳೆ ಬಂದು ರಸ್ತೆಯೆಲ್ಲ ರಾಡಿಯಾಗಿತ್ತು. ಗೆಳೆಯ ಬೀಗರನ್ನು ಎದುರುಗೊಳ್ಳಲು ಗೇಟಿನಲ್ಲೇ ನಿಂತಿದ್ದ. ಕಾರು ಕಂಡದ್ದೇ ಅವನ ನಾಲಿಗೆ ಸುಮ್ಮನಿರಲಿಲ್ಲ.

"ನೋಡಿ ಬೀಗರೇ, ನಮ್ಮ ಶೆಟ್ಟಿ ಕಾರಿನಲ್ಲಿ ಬಂದನೋ, ಗದ್ದೆ ಉತ್ತು ಹಾಗೇ ಬಂದನೋ, ಟೈರು ನೋಡಿ ನೀವೇ ಹೇಳಿ" ಎಂದ.

ಬೀಗರು ನಕ್ಕರು. ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಇದೇ ಮಾತನ್ನು ಜಗಲಿಯ ಮೇಲೆ ಅಂದಿದ್ದರೆ ವರ್ತಕನೂ ನಗುತ್ತಿದ್ದ, ಗಿರಣಿಯ ತೌಡಿನ ಮೇಲೆ ಇನ್ನೊಂದು ಮಾತು ಸೇರಿಸಿ ತಿರುಗಿಸಿ ಕೊಡುತ್ತಿದ್ದ. ಆದರೆ ಅಂದು ಅವನ ಮೈಮೇಲೆ ಹೊಸ ಶಲ್ಯವಿತ್ತು. ಅವನು ತಲೆ ತಗ್ಗಿಸಿ ಊಟ ಮಾಡಿದ. ತಾಂಬೂಲ ತೆಗೆದುಕೊಳ್ಳದೆ ಎದ್ದು ನಡೆದ. ಗೆಳೆಯ ತಾಂಬೂಲದ ತಟ್ಟೆ ಹಿಡಿದು ಗೇಟಿನವರೆಗೂ ಓಡಿಬಂದ. ವರ್ತಕ ನೇರವಾಗಿ ಮುಂದೆ ನೋಡುತ್ತ ಕಾರು ಬಿಟ್ಟ.

ಮನೆಗೆ ಬಂದವನು ಒಂದು ನಿಶ್ಚಯ ಮಾಡಿದ. ಇನ್ನೊಮ್ಮೆ ಅವನ ಗೇಟಿಗೆ ಹೋದರೆ ಟೈರು ಹೇಗಿರಬೇಕೆಂದರೆ, ಅದನ್ನು ನೋಡಿ ಅವನ ಬಾಯಿ ಕಟ್ಟಬೇಕು.

ಮಾರನೆಯ ದಿನವೇ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ ಟೈರಿಗೆ ಹೊಳಪು ಕೊಡುವ ದ್ರವ ಕೇಳಿದ. ಅಲ್ಲಿ ಇದ್ದವುಗಳಲ್ಲಿ ಹೆಚ್ಚು ಮಿನುಗುವುದನ್ನೇ ಆರಿಸಿದ. ಅದು ಎಣ್ಣೆಯಂತೆ ಜಿಡ್ಡು, ಸೀಮೆಎಣ್ಣೆಯಂತೆ ವಾಸನೆ. ಭಾನುವಾರ ಬೆಳಿಗ್ಗೆ ಟೈರಿನ ಮೇಲಿದ್ದ ಧೂಳಿನ ಮೇಲೆಯೇ ಅದನ್ನು ಸಿಂಪಡಿಸಿದ. ಟೈರು ಕರಿಗನ್ನಡಿಯಂತೆ ಹೊಳೆಯಿತು. ಸಂತೋಷದಿಂದ ಹೊರಟ. ಊರಾಚೆಯ ಸೇತುವೆಯ ಬಳಿ ಇಳಿದು ನೋಡಿದರೆ, ತಿರುಗುವ ಚಕ್ರದಿಂದ ಜಿಡ್ಡು ಸಿಡಿದು ಬಿಳಿಯ ಬಾಗಿಲಿನ ತುಂಬ ಕಪ್ಪು ಹನಿ. ಹೀಗೆ ಹೋದರೆ ಅವನು ಟೈರನ್ನು ಬಿಟ್ಟು ಬಾಗಿಲನ್ನು ಹಿಡಿದುಕೊಳ್ಳುತ್ತಾನೆ ಎಂದುಕೊಂಡು ವರ್ತಕ ಕಾರು ತಿರುಗಿಸಿದ.

ಅಂಗಡಿಯವನನ್ನು ಕೇಳಿದಾಗ ಅವನು ಬೇರೆ ಡಬ್ಬಿ ಕೊಟ್ಟ. ಇದು ನೀರಿನಲ್ಲಿ ಕಲಸಿದ್ದು, ಹಾಲಿನಂತೆ ಬೆಳ್ಳಗಿತ್ತು, ರಬ್ಬರನ್ನು ಒಣಗಿಸುವುದಿಲ್ಲ. ಮಿನುಗು ಕಡಿಮೆ, ಆದರೆ ಟೈರು ಹೊಸದರಂತೆ ಕಾಣುತ್ತದೆ. ಹಚ್ಚುವುದಕ್ಕೂ ಒಂದು ಕ್ರಮವಿದೆ ಎಂದ. ಮೊದಲು ಟೈರನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಪೂರ್ತಿ ಒಣಗಬೇಕು. ಆಮೇಲೆ ಸ್ಪಂಜಿನಿಂದ ತೆಳ್ಳಗೆ ಸವರಬೇಕು. ಸ್ವಲ್ಪ ಹೊತ್ತು ಬಿಟ್ಟು ಮಿಕ್ಕದ್ದನ್ನು ಬಟ್ಟೆಯಿಂದ ಒರೆಸಬೇಕು. ನೆಲ ಮುಟ್ಟುವ ಭಾಗಕ್ಕೆ ಮಾತ್ರ ತಾಗಿಸಲೇಬಾರದು, ತಾಗಿಸಿದರೆ ಬ್ರೇಕು ಹಾಕಿದಾಗ ಗಾಡಿ ಜಾರುತ್ತದೆ.

ವರ್ತಕ ಬಟ್ಟೆ ಬಲ್ಲವನು. ನೂಲಿನ ನಯ, ಬಣ್ಣದ ಹದ ಅವನ ಬೆರಳಿಗೆ ಗೊತ್ತು. ಈ ಕೆಲಸವೂ ಬೇಗ ಕೈಗೆ ಬಂತು. ಒಂದು ತಪ್ಪನ್ನು ಮಾತ್ರ ಅವನು ಬಿಡದೆ ಮಾಡಿದ. ಟೈರಿನ ಮೈಮೇಲೆ ತೆಳುವಾದ ಕಂದು ಬಣ್ಣ ಕಂಡರೆ ಅದನ್ನು ಕೊಳೆ ಎಂದು ತಿಳಿದ. ನೊರೆ ಬೆಳ್ಳಗಾಗುವವರೆಗೂ ತಿಕ್ಕಿದ. ಅದು ಕೊಳೆಯಲ್ಲ. ರಬ್ಬರಿನೊಳಗೆ ಅದನ್ನು ಕಾಯುವ ಮೇಣವೊಂದನ್ನು ಮೊದಲೇ ಬೆರೆಸಿರುತ್ತಾರೆ. ಚಕ್ರ ಉರುಳಿ, ಮಡಿದು ಬಿಚ್ಚಿ, ಬಿಸಿಯಾದಾಗ ಅದು ಒಳಗಿನಿಂದ ಮೇಲಕ್ಕೆ ಬರುತ್ತದೆ. ಬಂದಾಗ ಮೈ ಕಂದಾಗಿ ಕಾಣುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಆದರೆ ಬಿಸಿಲಿಗೆ, ಗಾಳಿಗೆ ಟೈರು ಬಿರಿಯದಂತೆ ತಡೆಯುವುದು ಅದೇ.

ಮುಂದಿನ ಭಾನುವಾರ ಎಲ್ಲವೂ ಕ್ರಮವಾಗಿ ಆಯಿತು. ನಾಲ್ಕು ಚಕ್ರಗಳೂ ಒಂದೇ ಹದದಲ್ಲಿ ಕಪ್ಪಗಿದ್ದವು. ವರ್ತಕ ಅಂಗಿ ತೊಟ್ಟು ಬೀಗ ಹಾಕಿ ಬಂದ. ರಸ್ತೆಯ ಕಡೆ ನೋಡಿದ. ಗೆಳೆಯನ ಊರಿನ ರಸ್ತೆ ಅವನಿಗೆ ಚೆನ್ನಾಗಿ ಗೊತ್ತು. ಸೇತುವೆ ದಾಟಿದರೆ ಕೆಂಪು ಮಣ್ಣು. ಗೇಟು ಮುಟ್ಟುವ ಹೊತ್ತಿಗೆ ಈ ಹೊಳಪಿನಲ್ಲಿ ಏನೂ ಉಳಿಯುವುದಿಲ್ಲ. ಅವನು ಬೀಗ ತೆಗೆದು ಒಳಗೆ ಹೋದ.

ಮಳೆಗಾಲ ಮುಗಿಯಲಿ ಎಂದುಕೊಂಡ. ಮಳೆ ಮುಗಿದ ಮೇಲೆ ಧೂಳು ಎದ್ದಿತು. ರಸ್ತೆಗೆ ಡಾಂಬರು ಹಾಕಲಿ ಎಂದುಕೊಂಡ. ಡಾಂಬರಿಗೆ ಜಲ್ಲಿ ಸುರಿದು ಹಾಗೇ ಬಿಟ್ಟರು. ಭಾನುವಾರ ಬಂದಾಗಲೆಲ್ಲ ಅವನು ತೊಳೆದ, ಒಣಗಿಸಿದ, ಸವರಿದ, ಒರೆಸಿದ. ಹಚ್ಚಿದ ಹೊಳಪು ಕೆಡಬಾರದೆಂದು ಬೇರೆಲ್ಲಿಗೂ ಕಾರು ತೆಗೆಯಲಿಲ್ಲ. ಅಂಗಡಿಗೆ ನಡೆದು ಹೋದ. ಪೇಟೆಗೆ ಆಟೋದಲ್ಲಿ ಹೋದ. ಮಧ್ಯಾಹ್ನ ಒಬ್ಬನೇ ಅನ್ನ ಬಸಿದು ಉಂಡು ಮೆಟ್ಟಿಲ ಮೇಲೆ ಕೂತು ಕಾರನ್ನು ನೋಡಿದ. ಕಾರಿನ ಬಗ್ಗೆ ಒಂದು ಮಾತು ಬಾಯಿಗೆ ಬರುತ್ತಿತ್ತು. ಅದನ್ನು ಕೇಳಿ ನಗಬೇಕಾದವನು ಆ ಊರಿನಲ್ಲಿದ್ದ.

ಎದುರುಮನೆಯ ಮುದುಕಿ ಒಮ್ಮೆ ಅಕ್ಕಿ ಆರಿಸುತ್ತ ಕೇಳಿದಳು. "ಏನು ಶೆಟ್ಟರೇ, ಗಾಡಿಗೆ ಅಭ್ಯಂಜನ ಆಯಿತೇ? ತಲೆ ಒರೆಸಿ ಸಾಂಬ್ರಾಣಿ ಹಾಕುವುದೊಂದು ಬಾಕಿ."

ವರ್ತಕ ನಕ್ಕ. ಹಾಗೆ ಯಾರಾದರೂ ತನ್ನನ್ನು ಗೇಲಿ ಮಾಡಿ ಬಹಳ ದಿನವಾಗಿತ್ತು ಎಂಬುದು ಆಗ ಅವನಿಗೆ ನೆನಪಾಯಿತು. ಅವನು ಬೇಗ ಒಳಗೆ ಹೋದ.

ಗೆಳೆಯ ಆಗಾಗ ಫೋನು ಮಾಡುತ್ತಿದ್ದ. ಬೀಗರ ಊಟದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಯಾವಾಗ ಬರುತ್ತೀಯೋ ಎಂದು ಅವನು ಕೇಳುವುದು, ಬರುವ ಭಾನುವಾರ ಕಣೋ ಎಂದು ಇವನು ಹೇಳುವುದು. ಸುಳ್ಳು ಹೇಳುತ್ತಿದ್ದೇನೆ ಎಂದು ವರ್ತಕನಿಗೆ ಅನ್ನಿಸಲಿಲ್ಲ. ಹೇಳುವಾಗ ಅವನು ಮನಸ್ಸಿನಲ್ಲಿ ನಿಜವಾಗಿಯೂ ಹೊರಟೇ ಇರುತ್ತಿದ್ದ. ಹೀಗೆ ವರ್ಷಗಳು ಹೋದವು.

ಒಂದು ದಿನ ಟೈರಿನ ಮೈಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ವರ್ತಕ ಸ್ಪಂಜನ್ನು ಇನ್ನೊಮ್ಮೆ ಅದ್ದಿ ಅದರ ಮೇಲೆ ಸವರಿದ. ಬಿರುಕು ಕಾಣದಾಯಿತು. ಅವನಿಗೆ ಸಮಾಧಾನವಾಯಿತು.

ಕೊನೆಗೆ ಒಂದು ಶನಿವಾರ ಗೆಳೆಯನ ಫೋನು ಬಂತು. ಗಿರಣಿಯನ್ನು ಬೇರೆಯವರಿಗೆ ಕೊಟ್ಟಾಗಿದೆ, ಕಣ್ಣು ಮಂಜಾಗಿದೆ, ಮಗಳು ಅಳಿಯನ ಜೊತೆ ಗಡಿಯಾಚೆಯ ದೂರದ ಊರಿನಲ್ಲಿದ್ದಾಳೆ, ಇನ್ನು ತಾನೂ ಅಲ್ಲೇ ಇರುವುದು ಎಂದ. ಅಳಿಯ ಕರೆದುಕೊಂಡು ಹೋಗಲು ಬಂದಿದ್ದಾನೆ, ನಾಳೆ ಮಧ್ಯಾಹ್ನ ಹೊರಡುತ್ತೇವೆ ಎಂದ.

"ಮಣ್ಣೇ ಇರಲಿ ಕಣೋ. ಬಂದು ಹೋಗು" ಎಂದ.

ಬಂದೇ ಬರುತ್ತೇನೆ ಎಂದ ವರ್ತಕ.

ಭಾನುವಾರ ಬೆಳಕು ಹರಿಯುತ್ತಲೇ ಎದ್ದ. ಹಾಗೇ ಕಾರು ಹತ್ತಬಹುದಿತ್ತು. ಹತ್ತಲಿಲ್ಲ. ಇಷ್ಟು ವರ್ಷ ಕಾದು, ಇವತ್ತೊಂದು ದಿನ ಹೊಳಪಿಲ್ಲದೆ ಹೋಗುವುದೇ ಎಂದುಕೊಂಡ. ಟೈರು ತೊಳೆದ. ಒಣಗಲು ಬಿಟ್ಟ. ಸ್ಪಂಜಿನಿಂದ ಸವರಿದ. ಕ್ರಮದಂತೆ ಸ್ವಲ್ಪ ಹೊತ್ತು ಕಾದು ಒರೆಸಿದ. ಹೊರಡುವ ಹೊತ್ತಿಗೆ ಬಿಸಿಲು ಮೆಟ್ಟಿಲಿಗೆ ಬಂದಿತ್ತು.

ಒಂದೇ ಕಡೆ ನಿಂತು ನಿಂತು ಚಕ್ರಗಳ ಅಡಿ ಚಪ್ಪಟೆಯಾಗಿತ್ತು. ಊರು ದಾಟುವಾಗಲೇ ಸ್ಟೀರಿಂಗು ಕೈಯಲ್ಲಿ ನಡುಗಿತು. ಅವನು ನಿಧಾನವಾಗಿ ನಡೆಸಿದ. ಸೇತುವೆ ದಾಟಿ ಕೆಂಪು ಮಣ್ಣು ಬಂತು. ಅರ್ಧ ದಾರಿಯಲ್ಲಿ ಮುಂದಿನ ಟೈರಿನ ಮೈ, ಆ ಹಳೆಯ ಬಿರುಕಿನ ಜಾಗದಲ್ಲೇ, ಉದ್ದಕ್ಕೆ ಸೀಳಿತು. ಸ್ಟೆಪ್ನಿ ತೆಗೆದು ನೋಡಿದ. ಅದನ್ನೂ ಪ್ರತಿ ಸಲ ತಿಕ್ಕಿ ತೊಳೆದು ಹೊಳಪು ಹಚ್ಚಿದ್ದ. ಅದೂ ಬಿರಿದು ನಿಂತಿತ್ತು.

ಗೆಳೆಯನಿಗೆ ಫೋನು ಮಾಡಿದ. ಹೊರಡುವ ಗಡಿಬಿಡಿಯೋ ಏನೋ, ಯಾರೂ ಎತ್ತಲಿಲ್ಲ. ಕಾರನ್ನು ದಾರಿಯಲ್ಲೇ ಬಿಟ್ಟು ನಡೆದ. ಹುಲ್ಲು ತುಂಬಿದ ಟೆಂಪೋ ಒಂದು ಬಂತು. ಅದರಲ್ಲಿ ನಿಂತುಕೊಂಡು ಹೋದ. ತಿರುವಿನಲ್ಲಿ ಇಳಿದು ಮತ್ತೆ ನಡೆದ. ಗೇಟಿನ ಮುಂದೆ ನಿಂತಾಗ ಅವನ ಪಂಚೆಯ ಅಂಚು ಕೆಂಪಾಗಿತ್ತು, ಕಾಲು ಮೊಣಕಾಲಿನವರೆಗೂ ಮಣ್ಣಾಗಿತ್ತು.

ಮನೆಗೆ ಬೀಗ ಬಿದ್ದಿತ್ತು. ಜಗಲಿ ಗುಡಿಸಿತ್ತು. ಗೇಟಿನ ಪಕ್ಕದಲ್ಲಿ ಒಂದು ಬಕೆಟ್ಟು ನೀರು, ಅದರ ಕಂಠಕ್ಕೆ ಒಂದು ಹಳೆಯ ಪಂಚೆಯ ತುಂಡು, ಪಕ್ಕದಲ್ಲಿ ತೆಂಗಿನ ನಾರು. ಹಿತ್ತಲ ಕೋಣೆಯಲ್ಲಿದ್ದ ಮನೆಗೆಲಸದ ಹೆಂಗಸು ಹೊರಗೆ ಬಂದು ಇವನನ್ನು ದಿಟ್ಟಿಸಿ ನೋಡಿದಳು.

"ನೀವು ಜವಳಿ ಶೆಟ್ಟರಲ್ಲವೇ? ಈಗತಾನೆ ಹೋದರು. ಅಳಿಯಂದಿರು ಎರಡು ಸಲ ಹಾರ್ನು ಮಾಡಿದ ಮೇಲೆ ಎದ್ದರು" ಎಂದಳು.

ವರ್ತಕ ಬಕೆಟ್ಟಿನ ಕಡೆ ನೋಡಿದ. ಅವಳೇ ಹೇಳಿದಳು.

"ಅದು ನಿಮಗೇ ಇಟ್ಟದ್ದು. ಬೀಗರ ಊಟ ಆದಾಗಿನಿಂದ ಪ್ರತಿ ಭಾನುವಾರ ಅವರೇ ತುಂಬಿಸಿ ಇಡುತ್ತಿದ್ದರು. ಮಣ್ಣು ಅಂದವನು ನಾನು, ಅವನ ಗಾಡಿಯ ಚಕ್ರ ತೊಳೆಯಬೇಕಾದವನೂ ನಾನೇ, ಅವನು ಬರಲಿ ಅನ್ನುತ್ತಿದ್ದರು. ಸಂಜೆಯಾದರೆ ಆ ನೀರನ್ನು ಮಲ್ಲಿಗೆ ಬುಡಕ್ಕೆ ಹಾಕಿಬಿಡುತ್ತಿದ್ದರು. ಇವತ್ತು ಚೆಲ್ಲಲಿಲ್ಲ. ಇರಲಿ ಬಿಡು, ಬಂದರೂ ಬಂದಾನು ಎಂದರು."

ವರ್ತಕ ಬಕೆಟ್ಟಿನ ಮುಂದೆ ಕೂತ. ತೆಂಗಿನ ನಾರನ್ನು ಕೈಗೆ ತೆಗೆದುಕೊಂಡ. ಅದು ತೇವವಾಗಿತ್ತು. ತೊಳೆಯಲು ಅಲ್ಲಿ ಚಕ್ರವಿರಲಿಲ್ಲ, ತೊಳೆಯುವವನೂ ಇರಲಿಲ್ಲ. ಅವನು ಕಾಲಿನ ಮಣ್ಣನ್ನು ಹಾಗೇ ಬಿಟ್ಟು ಹೊತ್ತು ಮುಳುಗುವವರೆಗೂ ಕೂತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಅಂಗಳದಲ್ಲಿ ಕಾರು ತೊಳೆಯುವ ಸದ್ದು ನಿಂತಿತ್ತು. ಮಂದಾಕಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ, ವರ್ತಕ ಆರಿಸಿದ್ದು ಒಳ್ಳೆಯದನ್ನೇ, ಹಚ್ಚಿದ್ದೂ ಕ್ರಮದಂತೆಯೇ, ಹಾಗಾದರೆ ಹೊಳಪು ಹಚ್ಚಿದ್ದೇ ತಪ್ಪೇ ಎಂದು ಕೇಳಿದಳು. ಅಲ್ಲ, ಹಚ್ಚಿಕೊಂಡು ಹೊರಟಿದ್ದರೆ ಅದೂ ಒಳ್ಳೆಯದೇ ಎಂದರು ಗುರುಗಳು. ಅವಳು ಮತ್ತೆ ಯೋಚಿಸಿದಳು. ಹಾಗಿದ್ದರೆ ತಾನಿನ್ನು ಎಷ್ಟು ದಿನ ಧ್ಯಾನಕ್ಕೆ ಕೂತರೆ ಸಾಕು ಎಂದು ಕೇಳಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಗುರುಗಳು ಕೇಳಿದರು.

"ನಿನ್ನ ಅಕ್ಕನ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ, ತಾಯಿ?"

ಮಂದಾಕಿನಿಗೆ ಗೊತ್ತಿರಲಿಲ್ಲ.