ಮಟ್ಟಿಯ ಮೇಲೆ ಎರಡು ಜೊತೆ ಹೆಜ್ಜೆ

“ಸೋಲಿಲ್ಲದೆ ಬಾಳುವುದು ಹೇಗೆ, ಗುರುಗಳೇ?” ಎಂದು ಶಿಷ್ಯ ಕೇಳಿದ. ಆ ವರ್ಷ ವಾದಸಭೆಗಳಲ್ಲಿ ಅವನನ್ನು ಯಾರೂ ಗೆದ್ದಿರಲಿಲ್ಲ. ಅದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಅರವತ್ತು ದಾಟಿದ ಪೈಲ್ವಾನನೊಬ್ಬನಿದ್ದ. ಕುಸ್ತಿಯೇ ಅವನ ಅನ್ನ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಅವನ ಕಿವಿಗೆ ಬಿದ್ದಿರಲಿಲ್ಲವೋ ಏನೋ, ಕಣಕ್ಕಿಳಿದವರನ್ನೆಲ್ಲ ಚಿತ್ ಮಾಡುತ್ತಿದ್ದ. ಅವನ ಅರ್ಧ ವಯಸ್ಸಿನ ಇನ್ನೊಬ್ಬ ಪೈಲ್ವಾನ ಆಗಲೇ ಮೂರು ಸಲ ಅವನ ಕೈಯಲ್ಲಿ ಮಣ್ಣು ಮುಕ್ಕಿದ್ದ. ನಾಲ್ಕನೆಯ ಸಲವೂ ಸೋತರೆ ಲಂಗೋಟಿ ಬಿಚ್ಚಿಟ್ಟು ಬೇರೆ ಕಸುಬು ನೋಡಿಕೋ ಎಂದು ಅವನ ಉಸ್ತಾದ ಹೇಳಿಬಿಟ್ಟಿದ್ದ. ಕುಸ್ತಿ ಬಿಟ್ಟರೆ ಅವನಿಗೆ ಬೇರೇನೂ ಬಾರದು.

ಮುದುಕ ಏನೋ ಮಾಟ ಮಾಡಿಸಿದ್ದಾನೆ ಎಂದುಕೊಂಡು ಅವನು ಒಂದು ಬೆಳಿಗ್ಗೆ ಮುದುಕನ ಗರಡಿಯ ಗಿಡ್ಡ ಬಾಗಿಲಲ್ಲಿ ಇಣುಕಿದ. ಗರಡಿಗಳಲ್ಲಿ ಸಂಜೆಯೇ ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣನ್ನು ಅಗೆದು ಸಮ ಮಾಡಿ ಬಿಡುತ್ತಾರೆ. ಬೆಳಗಾಗುವವರೆಗೆ ಅದನ್ನು ಯಾರೂ ತುಳಿಯಬಾರದು. ಮುದುಕ ಹನುಮಂತನಿಗೆ ಕೈಮುಗಿದು ಒಬ್ಬನೇ ಮಟ್ಟಿಗೆ ಇಳಿದ. ಎದುರಿಗೆ ಜೋಡಿ ನಿಂತಿರುವಂತೆ ಬರಿಯ ಗಾಳಿಗೆ ಕೈ ನೀಡಿದ. ಅವನ ಕತ್ತು ತಾನಾಗಿಯೇ ಬಗ್ಗಿತು. ಇಬ್ಬರ ಉಸಿರು ಕೇಳಿಸುತ್ತಿತ್ತು. ಮುದುಕ ದೊಪ್ಪೆಂದು ಅಂಗಾತ ಬಿದ್ದ. ಅವನು ಎದ್ದ ಮೇಲೆ ನೋಡಿದರೆ ಮಟ್ಟಿಯಲ್ಲಿ ಎರಡು ಜೊತೆ ಹೆಜ್ಜೆಗಳು. ಮುದುಕನ ಎಡಗಾಲಿಗೆ ಕಿರುಬೆರಳಿಲ್ಲ. ಆ ಇನ್ನೊಂದು ಜೊತೆಯಲ್ಲೂ ಇರಲಿಲ್ಲ.

ಕಿರಿಯವನು ಅಡಗಿ ಬಂದದ್ದನ್ನೂ ಮರೆತು ಕೇಳಿದ: “ಯಾರಜ್ಜಾ ಅವನು?”

“ಇಪ್ಪತ್ತೈದರ ನಾನೇ ಕಣಪ್ಪ. ದಿನಾ ಬರ್ತಾನೆ, ಕೆಡವದೆ ಹೋಗಲ್ಲ. ಅವನ ಕೈಲಿ ಬಿದ್ದು ಎದ್ದು ಬಂದೋನಿಗೆ ನೀವೆಲ್ಲ ಯಾವ ಲೆಕ್ಕ?”

ಅವರಿಬ್ಬರ ನಾಲ್ಕನೆಯ ಕುಸ್ತಿಯ ದಿನ ಬೆಳಿಗ್ಗೆ ಕಿರಿಯವನು ಮತ್ತೆ ಹೋದ. ಮುದುಕ ನಗುತ್ತ ಹೊರಗೆ ಬಂದ. “ಇವತ್ತು ನಾನೇ ಅವನನ್ನ ಕೆಡವಿದೆ,” ಎಂದ. ಒಳಗೆ ಎರಡು ಜೊತೆ ಹೆಜ್ಜೆಗಳು ಮಟ್ಟಿಯ ನಡುವಿನವರೆಗೆ ಹೋಗಿದ್ದವು. ಹಿಂದಿರುಗಿದ್ದು ಒಂದೇ ಜೊತೆ. ನಡುವೆ ಅಗಲವಾದ ಬೆನ್ನಿನ ಅಚ್ಚು ಉಳಿದಿತ್ತು.

ಮಧ್ಯಾಹ್ನ ಕಣದಲ್ಲಿ ಕಿರಿಯವನು ಮುದುಕನ ಕತ್ತಿಗೆ ಕೈ ಹಾಕಿದ. ಒಣಗಿದ ಸೋರೆಬುರುಡೆಯಷ್ಟು ಹಗುರ. ಮೊದಲ ಪಟ್ಟಿಗೇ ಮುದುಕ ಚಿತ್ತಾದ. ಜನ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕೈಗೆ ಬೆಳ್ಳಿಯ ಗದೆ ಕೊಟ್ಟರು. ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು.

ಮರುದಿನ ಬೆಳಿಗ್ಗೆ ಅವನು ತನ್ನ ಗರಡಿಯ ಬಾಗಿಲು ತೆಗೆದ. ಸಮ ಮಾಡಿದ್ದ ಮಣ್ಣಿನ ನಟ್ಟನಡುವೆ ಆಗಲೇ ಒಂದು ಜೊತೆ ಹೆಜ್ಜೆ ಮೂಡಿತ್ತು. ಬಲಗಾಲಿನ ಹೆಬ್ಬೆರಳು ಸೊಟ್ಟ. ಅದು ಅವನದೇ ಕಾಲು. ಬಹಳ ಹೊತ್ತು ಹೊಸ್ತಿಲಲ್ಲಿ ನಿಂತಿದ್ದು, ಕೊನೆಗೆ ತಲೆ ಬಗ್ಗಿಸಿ ಒಳಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಅವನು ಗೆದ್ದನೋ, ಸೋತನೋ?” ಎಂದ ಶಿಷ್ಯ.

“ಅದಿರಲಿ, ಈ ದಿನ ಬೆಳಿಗ್ಗೆ ನಿನ್ನನ್ನು ಕೆಡವಿದವರು ಯಾರು?”