ಪೈಲ್ವಾನನ ನಡುಕ

"ಗುರುಗಳೇ, ನನ್ನ ಭಯ ಹೋಗುವುದು ಯಾವಾಗ?"

ಕೇಳಿದವನು ಶಿಷ್ಯ ಇಂದುಧರ. ಚಿಕ್ಕಂದಿನಿಂದಲೂ ಅವನ ಮೈಯಲ್ಲಿ ಇನ್ಸುಲಿನ್ ಹುಟ್ಟುತ್ತಿರಲಿಲ್ಲ, ಸೂಜಿಯಿಂದಲೇ ಬದುಕು. ಏನೂ ತಿನ್ನದ ಬೆಳಗಿನಲ್ಲೂ ರಕ್ತದಲ್ಲಿ ಸಕ್ಕರೆ ಏರಿರುತ್ತಿತ್ತು. ಮೈ ದಣಿಸಿದರೆ ಅದೇ ಸಕ್ಕರೆ ಹೇಳದೆ ಕೇಳದೆ ಕುಸಿಯುತ್ತಿತ್ತು. ಆಗಷ್ಟೇ ಸೂರ್ಯನಮಸ್ಕಾರ ಮುಗಿಸಿ ಬಂದಿದ್ದ.

"ಹೆದರಿ ಹೆದರಿ ಸಾಧನೆ ಮಾಡುವುದು ನನಗೆ ಸಾಕಾಗಿದೆ," ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಪೈಲ್ವಾನನಿದ್ದ. ನಿನ್ನದೇ ಕಾಯಿಲೆ. ಗರಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ದಿನವೂ ಸೂಜಿ ಚುಚ್ಚಿಕೊಳ್ಳುವವನಿಗೆ ಕುಸ್ತಿಯಲ್ಲಿ ಯಾರು ಜೋಡಿಯಾದಾರು ಎಂಬ ಅಂಜಿಕೆ. ಹೊಟ್ಟೆಗೆ ಏನನ್ನೂ ಹಾಕದೆ ಕುಸ್ತಿಯ ಕಣವಾದ ಮಟ್ಟಿಗೆ ಇಳಿಯಬೇಕು, ಆ ಕೆಂಪು ಮಣ್ಣಿನ ಮೇಲೆ ಎಂಜಲು ಬೀಳಬಾರದು ಎಂಬುದು ಆ ಗರಡಿಯ ಕಟ್ಟಳೆ. ಉಸ್ತಾದರು ಕಲಿಸಿದ ಇನ್ನೊಂದು ಪಾಠವೂ ಇತ್ತು: ಮೊಣಕಾಲು ನಡುಗಿದರೆ ಅದು ಪುಕ್ಕಲುತನ, ಅದಕ್ಕೆ ಮದ್ದು ಇನ್ನೊಂದು ಪಟ್ಟು.

ಒಂದು ಮುಂಜಾನೆ ಅವನಿಗೆ ಸಕ್ಕರೆ ಏರಿತ್ತು. ಸೂಜಿ ಚುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ನೋಡಿದರೆ ಇಳಿದಿರಲಿಲ್ಲ. ಮೊದಲ ಮದ್ದು ಇನ್ನೂ ಕೆಲಸ ಮುಗಿಸಿಲ್ಲ ಎಂಬುದನ್ನು ಭಯ ಮರೆಸಿತು. ಮತ್ತೆ ಚುಚ್ಚಿಕೊಂಡ. ಹಾಗೆಯೇ ಹೋಗಿ ಮಟ್ಟಿಗೆ ಇಳಿದ.

ಕುಸ್ತಿ ಬಿಸಿಯೇರುವ ಹೊತ್ತಿಗೆ ಅವನ ಕತ್ತಿನಲ್ಲಿ ತಣ್ಣನೆಯ ಬೆವರು ಒಡೆಯಿತು. ಎದೆ ಡವಗುಟ್ಟಿತು. ಕಾಲು ನಡುಗಿತು.

"ಏನ್ ಪೈಲ್ವಾನ್ರೇ, ಹೆಣ್ಣು ನೋಡೋಕೆ ಬಂದ ಗಂಡಿನ ಹಾಗೆ ಬೆವರ್ತೀರಲ್ಲ! ಹೆದರಿಕೆ ಆದ್ರೆ ಹೇಳಿ, ಮೆತ್ತಗೆ ಬೀಳಿಸ್ತೀನಿ," ಎಂದು ಜೋಡಿ ನಕ್ಕ.

"ಬಾಯಿ ಮುಚ್ಕೊಂಡು ಹಿಡಿಯೋ."

ಥೂ ಹೇಡಿ, ಎಂದು ಒಳಗೊಳಗೆ ತನ್ನನ್ನೇ ಬೈದುಕೊಂಡ. ಇನ್ನೊಂದು ಪಟ್ಟು ಹಾಕಿದ. ಮತ್ತೂ ಒಂದು. ಆಮೇಲೆ ಪಟ್ಟುಗಳ ಹೆಸರು ಮರೆತುಹೋಯಿತು. ಎದುರಿಗಿದ್ದ ಮುಖ ಯಾರದೆಂದು ತಿಳಿಯಲಿಲ್ಲ. ಗರಡಿಯ ಕಂಬವನ್ನೇ ಜೋಡಿಯೆಂದು ತಬ್ಬಿ ನೂಕತೊಡಗಿದ. ಮೊದಲು ಎಲ್ಲರೂ ನಕ್ಕರು. ಕರೆದರೂ ಅವನು ತಿರುಗದಿದ್ದಾಗ ನಗು ನಿಂತಿತು. ತೋಳು ಬಿಡಿಸಲು ಹೋದವರ ಕೈಗೆ ಅವನ ಮೈ ಹೆಣದಂತೆ ತಣ್ಣಗೆ ತಾಗಿತು. ಆಗ ಅವನ ಬಾಯಿಂದ ಒಂದೇ ಮಾತು ಬಂತು: "ಬೆಲ್ಲ."

ಉಸ್ತಾದರು ತಾವೇ ಓಡಿ ತಂದು, ಮಟ್ಟಿಯ ಮೇಲೆಯೇ ಅವನ ಬಾಯಿಗೆ ಇಟ್ಟರು.

ಗುರುಗಳು ಮಾತು ನಿಲ್ಲಿಸಿದರು.

"ಬದುಕಿದನೇ?" ಇಂದುಧರ ಕೇಳಿದ.

"ಬದುಕಿದ. ನುಂಗುವಷ್ಟು ಎಚ್ಚರ ಇತ್ತು."

"ಆಮೇಲೆ ಅವನ ಭಯ ಹೋಯಿತೇ?"

ಗುರುಗಳು ಅವನ ಬೆರಳುಗಳನ್ನೇ ನೋಡುತ್ತಿದ್ದರು.

"ನಿನ್ನ ಕೈ ನಡುಗುತ್ತಿದೆಯಲ್ಲ, ಅದು ಕತೆಗೋ, ಸಕ್ಕರೆಗೋ?"